ಎಲುಬಿನ ಕಾಲಮಾನ

ಚನ್ನಗಿರಿಯಿಂದ ಹೊನ್ನಾಳಿಯ ಕಡೆಗೂ, ಅಲ್ಲಿಂದ ನ್ಯಾಮತಿಯ ಕಡೆಗೂ ಬೆಳಗಿನ ಜಾವದಲ್ಲಿ ಪ್ರಯಾಣ ಮಾಡುವವರು, ಭದ್ರಾ ನಾಲೆಯ ಏರಿಯ ಮೇಲಾಗಲಿ ಕಾಲೇಜು ಮೈದಾನದ ಅಂಚಿನಲ್ಲಾಗಲಿ, ಇನ್ನೂ ಬೆಳಕು ಹರಿಯುವ ಮುನ್ನವೇ ಗುಂಪುಗುಂಪಾಗಿ ಓಡುತ್ತಿರುವ ತರುಣರನ್ನು ಕಾಣದೆ ಇರಲಾರರು. ಇವರಲ್ಲಿ ಬಹುಮಂದಿಯ ಗುರಿ ಮ್ಯಾರಥಾನ್ ಅಲ್ಲ. ಪೊಲೀಸ್ ಪೇದೆಯ ನೇಮಕಾತಿಯಲ್ಲಿ 1600 ಮೀಟರುಗಳನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸುವುದು, ಇಲ್ಲವೆ ಸೇನಾ ಭರ್ತಿಯ ಓಟದಲ್ಲಿ ಮುಂದಿನ ಸಾಲಿನಲ್ಲಿ ಸೇರುವುದು, ಇಷ್ಟೇ. ಆದರೂ ಒಮ್ಮೆ ಓಟದ ರುಚಿ ಹತ್ತಿದವನು ಕೆಲಸ ಸಿಕ್ಕ ಮೇಲೆಯೂ, ಕೆಲವು ವೇಳೆ ಕೆಲಸ ಸಿಕ್ಕದೆ ಹೋದ ಮೇಲೆಯೂ, 10 ಕಿಲೋಮೀಟರಿಗೆ, ಅಲ್ಲಿಂದ 21ಕ್ಕೆ, ಕೊನೆಗೆ 42.195 ಕಿಲೋಮೀಟರುಗಳ ಪೂರ್ಣ ಮ್ಯಾರಥಾನಿಗೆ ಕಾಲಿಡುವುದುಂಟು. ಹಾಗೆ ಕಾಲಿಟ್ಟವರಲ್ಲಿ ಹಲವರು ಅಭ್ಯಾಸದ ನಡುವೆಯೇ ಎಲ್ಲಿಯೋ ಒಂದು ಕಡೆ ಕುಂಟುತ್ತ ನಿಲ್ಲುವುದೂ ಉಂಟು. ಹೀಗೆ ನಿಂತವನು ಮತ್ತೆ ಓಡಬಲ್ಲನೆ, ಓಡುವುದಾದರೆ ಯಾವಾಗ, ಎಂಬ ಪ್ರಶ್ನೆಗೆ ಶರೀರಶಾಸ್ತ್ರವು ಇತ್ತೀಚಿನ ಕೆಲವು ದಶಕಗಳಲ್ಲಿ ಕೊಟ್ಟಿರುವ ಉತ್ತರವು, ಮೇಲುನೋಟಕ್ಕೆ ತೋರುವುದಕ್ಕಿಂತ ಬಹಳ ಸ್ವಾರಸ್ಯಕರವಾದುದು. ಏತಕ್ಕೆಂದರೆ, ನಮ್ಮ ದೇಹದ ಎಲ್ಲ ಭಾಗಗಳೂ ಒಂದೇ ಕಾಲಮಾನದಲ್ಲಿ ಬದುಕುತ್ತಿಲ್ಲವೆಂಬುದೇ ಆ ಉತ್ತರದ ತಿರುಳು.

ಮ್ಯಾರಥಾನ್ ಓಟವು ಕನ್ನಡ ನಾಡಿಗೆ ನೆನ್ನೆ ಮೊನ್ನೆ ಬಂದದ್ದೆಂದು ಭಾವಿಸಬೇಕಾಗಿಲ್ಲ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು, ಅಂದಿನ 42.75 ಕಿಲೋಮೀಟರುಗಳ ದೂರವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಅವರಿದ್ದ ಭಾರತ ತಂಡದ ಹುಟ್ಟಿಗೆ ಕಾರಣವಾದದ್ದು ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ನಡೆದ ಪಂದ್ಯಗಳು. ಅವುಗಳನ್ನು ಕಣ್ಣಾರೆ ಕಂಡ ಸರ್ ದೊರಾಬ್ಜಿ ಟಾಟಾ ಅವರು, ಅಲ್ಲಿ ಓಡಿದವರಲ್ಲಿ ಬಹುಮಂದಿ ಬರಿಗಾಲಿನ ರೈತಾಪಿ ಜನರೆಂದು ಮುಂದೆ ನೆನೆದಿದ್ದಾರೆ. ಬಾಲ್ಯದಿಂದಲೂ ಹೊಲಗದ್ದೆಗಳಲ್ಲಿ ತುಳಿದು, ಹೊರೆ ಹೊತ್ತು, ಮೈಲಿಗಟ್ಟಲೆ ನಡೆದು ಬಲಿತ ಕಾಲುಗಳಿಗೂ, ಇಪ್ಪತ್ತೈದು ವರ್ಷ ಬೆಂಚು ಕುರ್ಚಿಗಳ ಮೇಲೆ ಕುಳಿತು ಆಮೇಲೆ ಒಮ್ಮೆಲೇ ಓಡಹೊರಟ ಕಾಲುಗಳಿಗೂ ನಡುವೆ ಇರತಕ್ಕ ಅಂತರವು ಕೇವಲ ಮನೋದಾರ್ಢ್ಯದ್ದಲ್ಲ, ಎಲುಬಿನ ರಚನೆಯದೇ ಆಗಿದೆ. ಇಸ್ರೇಲಿನ ಸೈನ್ಯದಲ್ಲಿ ಹೊಸದಾಗಿ ಸೇರಿದವರನ್ನು ಪರೀಕ್ಷಿಸಿದ ವೈದ್ಯರು, ಸೇರುವುದಕ್ಕೆ ಮುಂಚೆ ಎರಡು ವರ್ಷಗಳಾದರೂ ಚೆಂಡಾಟಗಳನ್ನು ಆಡುತ್ತಿದ್ದವರಲ್ಲಿ ಎಲುಬಿನ ಬಿರುಕು ವಿರಳವೆಂದು ಕಂಡರು. ಕೇವಲ ಓಡುತ್ತಿದ್ದವರಿಗೆ ಆ ರಕ್ಷಣೆ ದೊರೆತಿರಲಿಲ್ಲ. ನೆಗೆತ, ಹಠಾತ್ತನೆ ತಿರುಗುವುದು, ಎಡಬಲಗಳಿಗೆ ಹಾಯುವುದು, ಇವು ಎಲುಬಿಗೆ ಎಲ್ಲ ದಿಕ್ಕುಗಳಿಂದಲೂ ಪಾಠ ಹೇಳುತ್ತವೆ. ನಮ್ಮ ಖೊ ಖೊ ಆಟವು ಈ ವಿಷಯದಲ್ಲಿ ಚೆಂಡಾಟಗಳಿಗೆ ಏನೂ ಕಡಮೆಯಾಗಲಾರದೆಂದು ನನ್ನ ಅಭಿಪ್ರಾಯ. ಶಾಲೆಯ ಅಂಗಳಗಳಲ್ಲಿ ಅದು ಮಾಯವಾಗುತ್ತಿರುವುದರ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಮ್ಯಾರಥಾನ್ ಓಡುವವನ ಕಾಲಿನ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಮೊದಲು ನೋಡೋಣ. ಹೆಜ್ಜೆಯೊಂದಕ್ಕೆ ಸುಮಾರು ಒಂದು ಮೀಟರು ಎಂದು ಹಿಡಿದರೆ ಇಡೀ ಓಟಕ್ಕೆ 40,000ಕ್ಕೂ ಮೇಲ್ಪಟ್ಟ ಹೆಜ್ಜೆಗಳು, ಅಂದರೆ ಒಂದೊಂದು ಕಾಲಿಗೆ 20,000ಕ್ಕೂ ಹೆಚ್ಚು. ಪ್ರತಿ ಹೆಜ್ಜೆಯಲ್ಲಿಯೂ ನೆಲವು ಪಾದವನ್ನು ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲದಿಂದ ಮೇಲಕ್ಕೆ ನೂಕುತ್ತದೆ. ಮೀನಖಂಡದ ಸ್ನಾಯುಗಳು ಅದೇ ಕ್ಷಣದಲ್ಲಿ ಎಲುಬನ್ನು ಮೇಲಿನಿಂದ ಕೆಳಕ್ಕೆ ಬಿಗಿಯುವುದರಿಂದ ಕಣಕಾಲಿನ ದೊಡ್ಡ ಎಲುಬು, ಶಾಸ್ತ್ರಜ್ಞರು ಜಂಘಾಸ್ಥಿಯೆನ್ನುವ ಎಲುಬು, ತಾಳತಕ್ಕ ಒತ್ತಡವು ಅದಕ್ಕಿಂತಲೂ ಎಷ್ಟೋ ಹೆಚ್ಚು. ಇಂತಹ ಒತ್ತಡದಲ್ಲಿ ಯಾವ ಒಂದು ಹೆಜ್ಜೆಯೂ ಎಲುಬನ್ನು ಮುರಿಯಲಾರದು. ಆದರೆ ಸಾವಿರಾರು ಹೆಜ್ಜೆಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮವಾದ ಸೀಳುಗಳು ಮೂಡುತ್ತವೆ, ಮತ್ತು ಆ ಸೀಳುಗಳು ಮೂಡುವ ವೇಗವು ಒತ್ತಡದೊಂದಿಗೆ ಸಮಸಮವಾಗಿ ಏರುವುದಿಲ್ಲ, ಅದರ ಹಲವು ಮಡಿಯ ಘಾತದಂತೆ ಏರುತ್ತದೆ. ಏಳನೆಯ ಘಾತವೆಂದು ಹಿಡಿದು ಲೆಕ್ಕ ಹಾಕಿದರೆ, ಒತ್ತಡವನ್ನು ನೂರಕ್ಕೆ ಹತ್ತರಷ್ಟು ಇಳಿಸಿದ ಮಾತ್ರದಿಂದ ಎಲುಬು ತಾಳುವ ಹೆಜ್ಜೆಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ವೇಗ ತಗ್ಗಿಸಿ ದೂರ ಓಡುವವನಿಗೆ ಸಲ್ಲುವ ಲಾಭದ ಗುಟ್ಟು ಇಲ್ಲಿದೆ.

ಎಲುಬು ಜಡವಾದ ಕಂಬವಲ್ಲ, ಹೊರೆಗೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುವ ಜೀವಂತ ವಸ್ತುವೆಂದು ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಸಾರಿದನು. ಆತನು ಹೇಳಿದ ಗಣಿತವೆಲ್ಲ ಇಂದು ಉಳಿದಿಲ್ಲವಾದರೂ ಮೂಲತತ್ತ್ವವು ನಿಂತಿದೆ. ಸೂಕ್ಷ್ಮವಾದ ಸೀಳು ಬಿದ್ದ ಜಾಗಕ್ಕೆ ಮೊದಲು ಎಲುಬನ್ನು ಕರಗಿಸುವ ಜೀವಕೋಶಗಳು ಬಂದು, ಹಳೆಯ ದ್ರವ್ಯವನ್ನು ಸುರಂಗ ತೋಡಿದಂತೆ ತೋಡಿ ತೆಗೆಯುತ್ತವೆ. ಈ ಕೆಲಸಕ್ಕೆ ಹಿಡಿಯುವುದು ಸುಮಾರು 3 ವಾರ. ಆಮೇಲೆ ಎಲುಬನ್ನು ಕಟ್ಟುವ ಕೋಶಗಳು ಬಂದು ಆ ಸುರಂಗವನ್ನು ಪದರ ಪದರವಾಗಿ ತುಂಬಿ, ಸುಣ್ಣದ ಅಂಶವನ್ನು ಸೇರಿಸಿ ಗಟ್ಟಿಗೊಳಿಸುತ್ತವೆ. ಇದಕ್ಕೆ ಬೇಕಾದದ್ದು 3 ತಿಂಗಳಿಗೂ ಮೇಲ್ಪಟ್ಟ ಕಾಲ. ಕೆಡವುವುದಕ್ಕೂ ಕಟ್ಟುವುದಕ್ಕೂ ನಡುವಿನ ಈ ಅವಧಿಯಲ್ಲಿ ಎಲುಬು ಮೊದಲಿಗಿಂತ ಟೊಳ್ಳಾಗಿರುವುದು ಅನಿವಾರ್ಯ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚುಗಳನ್ನು ಬದಲಿಸಬೇಕೆಂದು ಮಾಡಿನ ಹೆಂಚನ್ನೆಲ್ಲ ಇಳಿಸಿದ ದಿನವೇ ಮಳೆ ಹಿಡಿದುಕೊಂಡರೆ, ಒಡಕು ಹೆಂಚಿನ ಕೆಳಗೆ ಸೋರುತ್ತಿದ್ದುದಕ್ಕಿಂತ ಹೆಚ್ಚಾಗಿ ಮನೆ ತೊಯ್ದುಹೋಗುವುದಷ್ಟೆ. ಅಭ್ಯಾಸ ಆರಂಭಿಸಿದ ಮೂರನೆಯ ನಾಲ್ಕನೆಯ ವಾರದಲ್ಲಿ ಹುರುಪಿನಿಂದ ದೂರವನ್ನೋ ವೇಗವನ್ನೋ ಏರಿಸುವ ಓಟಗಾರನ ಕಣಕಾಲಿನಲ್ಲಿ ಆಗುವುದು ಇದೇ. ಅರ್ಜಿ ಕರೆದ ಪ್ರಕಟಣೆಯನ್ನು ಕಂಡ ದಿನದಿಂದ ಓಡತೊಡಗಿ ದೈಹಿಕ ಪರೀಕ್ಷೆಯ ದಿನಕ್ಕೆ ಸರಿಯಾಗಿ ಕುಂಟುವ ಹುಡುಗನದು ಸೋಮಾರಿತನವೂ ಅಲ್ಲ, ದುರದೃಷ್ಟವೂ ಅಲ್ಲ.

ಎಲುಬಿನ ಬಿರುಕೆಂಬ ಈ ವ್ಯಾಧಿಯನ್ನು ವೈದ್ಯಲೋಕಕ್ಕೆ ಮೊದಲು ತೋರಿಸಿಕೊಟ್ಟವರೂ ಸಿಪಾಯಿಗಳೇ. 1855ರಲ್ಲಿ ಪ್ರಷ್ಯದ ಸೈನ್ಯವೈದ್ಯ ಬ್ರೈಟ್‌ಹೌಪ್ಟ್ ಎಂಬಾತನು, ದೀರ್ಘವಾದ ಕವಾಯತು ನಡಿಗೆಯ ಅನಂತರ ಪಾದ ಊದಿಕೊಂಡು ನೋಯುವ ಸೈನಿಕರನ್ನು ವರ್ಣಿಸಿ ಬರೆದನು. ಎಲುಬು ಬಿರಿದಿದೆಯೆಂದು ತಿಳಿಯುವ ಸಾಧನ ಆತನಿಗೆ ಇರಲಿಲ್ಲ. 1895ರಲ್ಲಿ ರಾಂಟ್ಗೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ, ಆ ಊದಿದ ಪಾದಗಳ ಒಳಗೆ ಬೆರಳುಗಳ ಹಿಂದಿನ ನೀಳವಾದ ಎಲುಬುಗಳು ಸೀಳಿರುವುದು ಚಿತ್ರದಲ್ಲಿ ಕಂಡಿತು. ನ್ಯಾಮತಿಯ ಬಳಿಯ ಸೂರಗೊಂಡನಕೊಪ್ಪಕ್ಕೆ ಸಂತ ಸೇವಾಲಾಲರ ಜಯಂತಿಯ ಕಾಲದಲ್ಲಿ ಮಾಲೆ ಧರಿಸಿ ಪಾದಯಾತ್ರೆಯಲ್ಲಿ ಬರುವ ಭಕ್ತರ ಪಾದಗಳನ್ನು ನೋಡಿದರೆ ಬ್ರೈಟ್‌ಹೌಪ್ಟನಿಗೆ ಬೇಕಾದಷ್ಟು ಸಾಮಗ್ರಿ ದೊರೆಯುತ್ತಿತ್ತೆಂದು ತೋರುತ್ತದೆ. ಇಲ್ಲಿ ಒಂದು ತೊಡಕನ್ನು ಮಾತ್ರ ಹೇಳಬೇಕು: ಮೊದಲ ಎರಡು ಮೂರು ವಾರ ಎಕ್ಸ್-ರೇ ಚಿತ್ರದಲ್ಲಿ ಏನೂ ಕಾಣದಿರುವುದೇ ಸಾಮಾನ್ಯ. ಗಾಯ ಕೂಡತೊಡಗಿ ಅದರ ಸುತ್ತ ಹೊಸ ಎಲುಬು ಮೂಡಿದ ಮೇಲೆ ತಾನೆ ಅಲ್ಲಿ ಬಿರುಕಿತ್ತೆಂಬುದು ಚಿತ್ರಕ್ಕೆ ತಿಳಿಯುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ಚಿತ್ರ ತೆಗೆಸಿ, ‘ಮೂಳೆಗೆ ಏನೂ ಆಗಿಲ್ಲ’ ಎಂಬ ಮಾತನ್ನು ಕೇಳಿ, ಸಂತೋಷದಿಂದ ಮರುದಿನವೇ ಓಡಿ, ಕೂದಲೆಳೆಯಷ್ಟಿದ್ದ ಬಿರುಕನ್ನು ಪೂರ್ಣವಾದ ಮುರಿತವನ್ನಾಗಿ ಮಾಡಿಕೊಳ್ಳುವುದು ಸುಲಭ. ಎಂ.ಆರ್.ಐ. ಯಂತ್ರವು ಎಲುಬಿನೊಳಗಿನ ನೀರಿನ ಊತವನ್ನೇ ತೋರಿಸಬಲ್ಲುದರಿಂದ ಅದಕ್ಕೆ ಈ ಕುರುಡು ಇಲ್ಲ; ಅದಿಲ್ಲದ ಕಡೆ ವೈದ್ಯನ ಹೆಬ್ಬೆರಳೇ ಪ್ರಮಾಣ. ನೋವು ಅಂಗೈಯಗಲ ಹರಡಿದ್ದರೆ ಅದು ಸ್ನಾಯುವಿನದೋ ಎಲುಬಿನ ಮೇಲಿನ ಪೊರೆಯದೋ ಇದ್ದೀತು. ಒಂದೇ ಬೆರಳ ತುದಿಯಡಿಯಲ್ಲಿ ನಿಂತು, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ ಎಲುಬಿನದೆಂದೇ ಸಂಶಯ ಪಡತಕ್ಕದ್ದು.

ನಮ್ಮ ಹಳ್ಳಿಗಳಲ್ಲಿ ಇಂತಹ ನೋವಿಗೆ ಮೊದಲು ನೆನಪಾಗುವವರು ಉಳುಕು ತೆಗೆಯುವವರು. ಎಣ್ಣೆ ಹಾಕಿ ತಿಕ್ಕಿಸಿಕೊಂಡ ಎಲುಬಿನ ಬಿರುಕಿಗೆ ಯಾವ ಉಪಕಾರವೂ ಆಗದು. ಆದರೆ ಅದೇ ನಾಟಿ ವೈದ್ಯನು ಸೊಪ್ಪಿನ ಪಟ್ಟು ಹಾಕಿ, ಬಿದಿರಿನ ದಬ್ಬೆ ಕಟ್ಟಿ, ತಿಂಗಳೊಪ್ಪತ್ತು ಕಾಲೂರಬೇಡವೆಂದು ವಿಧಿಸಿದರೆ ಗುಣ ಕಾಣುವುದು ನಿಜ. ಗುಣದ ಯಶಸ್ಸು ಸೊಪ್ಪಿಗಿಂತ ಹೆಚ್ಚಾಗಿ ಆ ನಿಷೇಧಕ್ಕೆ ಸಲ್ಲಬೇಕೆಂದು ಮಾತ್ರ ನಾನು ಹೇಳುವೆನು. ಜಂಘಾಸ್ಥಿಯ ಒಳಮಗ್ಗುಲಿನ ಬಿರುಕು ಆರೆಂಟು ವಾರಗಳ ವಿರಾಮದಿಂದ ಕೂಡಿಕೊಳ್ಳುವುದು ವಾಡಿಕೆ. ಅದೇ ಎಲುಬಿನ ಮುಂಭಾಗದ ಬಿರುಕು, ತೊಡೆಯ ಎಲುಬಿನ ಕುತ್ತಿಗೆಯ ಬಿರುಕು, ಪಾದದ ಮೇಲ್ಭಾಗದ ದೋಣಿಯಾಕಾರದ ಎಲುಬಿನ ಬಿರುಕು, ಇವು ಮೂರೂ ದುಷ್ಟಜಾತಿಯವು. ದಬ್ಬೆಗೂ ತಾಳ್ಮೆಗೂ ಬಗ್ಗದೆ ಶಸ್ತ್ರಕ್ರಿಯೆಯನ್ನು ಬೇಡುವುದುಂಟಾದ್ದರಿಂದ, ತೊಡೆಸಂದಿನಲ್ಲಿ ಆಳವಾಗಿ ನೋಯುವ ಓಟಗಾರನು ಜಗಳೂರಿನಲ್ಲಿದ್ದರೂ ಚನ್ನಗಿರಿಯಲ್ಲಿದ್ದರೂ ಅಂದೇ ದಾವಣಗೆರೆಯ ಬಸ್ಸು ಹತ್ತುವುದು ಲೇಸು.

ಇನ್ನು ಉಸಿರಿನ ಕಥೆ. ಓಟವನ್ನು ನಿಲ್ಲಿಸಿದವನಿಗೆ ದೊಡ್ಡ ಭಯವೆಂದರೆ ಗಳಿಸಿದ ಶಕ್ತಿಯೆಲ್ಲ ಕರಗಿಹೋಗುವುದೆಂಬುದು. ಈ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಅಭ್ಯಾಸವನ್ನು ಪೂರ್ಣವಾಗಿ ಬಿಟ್ಟಾಗ, ಅವರು ಆಮ್ಲಜನಕವನ್ನು ಬಳಸಬಲ್ಲ ಗರಿಷ್ಠ ಪ್ರಮಾಣವು 21 ದಿನಗಳಲ್ಲಿ ಶೇಕಡ 7ರಷ್ಟೂ 84 ದಿನಗಳಲ್ಲಿ ಶೇಕಡ 16ರಷ್ಟೂ ಇಳಿಯಿತು. ಮೊದಲ ಇಳಿತಕ್ಕೆ ಮುಖ್ಯ ಕಾರಣ ಹೃದಯವು ಬಡಿತವೊಂದಕ್ಕೆ ಹೊರದೂಡುವ ರಕ್ತ ಕಡಮೆಯಾದುದು. ರಕ್ತದ ನೀರಿನಂಶವು ಕೆಲವೇ ದಿನಗಳಲ್ಲಿ ಕುಗ್ಗಿಹೋಗುತ್ತದೆ. ಆದರೆ ಸ್ನಾಯುಗಳೊಳಗೆ ವರ್ಷಾಂತರಗಳ ಅಭ್ಯಾಸದಿಂದ ಹೆಣೆದುಕೊಂಡ ಸೂಕ್ಷ್ಮ ರಕ್ತನಾಳಗಳ ಬಲೆಯು ಆ 84 ದಿನಗಳ ಅಂತ್ಯದಲ್ಲಿಯೂ ಕಡಮೆಯಾಗಿರಲಿಲ್ಲ. ಕಳೆದುಕೊಂಡ ನೀರು ಮರಳಿ ಬರುವುದಕ್ಕೆ ಬಹಳ ಕಾಲ ಬೇಕಿಲ್ಲ. ವಿಪತ್ತು ಹುಟ್ಟುವುದು ಇಲ್ಲಿಯೇ. ವಿರಾಮದ ಅನಂತರ ಓಡತೊಡಗಿದವನಿಗೆ ಎರಡು ಮೂರು ವಾರಗಳಲ್ಲಿ ಉಸಿರು ಹಗುರವಾಗಿ, ಎದೆ ತುಂಬಿ, ತಾನು ಮೊದಲಿನಂತಾದೆನೆಂದು ತೋರುತ್ತದೆ. ಎಲುಬಿನೊಳಗಿನ ಸುರಂಗಗಳು ಆಗಿನ್ನೂ ಅರ್ಧವೂ ತುಂಬಿರುವುದಿಲ್ಲ. ನೋವು ಹೋದದ್ದೂ ಸಾಕ್ಷಿಯಾಗಲಾರದು. ನೋವು ಅಡಗುವುದು ಗಾಯ ಕೂಡುವುದಕ್ಕಿಂತ ಬಹಳ ಮುಂಚಿತವಾಗಿ.

ಉಸಿರನ್ನು ಉಳಿಸಿಕೊಂಡು ಎಲುಬಿಗೆ ವಿರಾಮ ಕೊಡುವ ಉಪಾಯವೊಂದುಂಟು. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತವನ ಕಾಲಿನ ಮೇಲೆ ಬೀಳುವ ತೂಕವು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಇನ್ನೂ ಆಳಕ್ಕೆ ಹೋಗಿ, ಸೊಂಟಕ್ಕೆ ತೇಲುವ ಪಟ್ಟಿ ಕಟ್ಟಿಕೊಂಡು, ನೆಲ ತಾಕದಂತೆ ನಿಂತ ನಿಲುವಿನಲ್ಲೇ ಓಡುವ ಚಲನೆಯನ್ನು ಮಾಡಿದರೆ ಕಾಲಿಗೆ ಆಘಾತವೆಂಬುದೇ ಇಲ್ಲ. ಹೀಗೆ ಮಾಡಿದವರು ನಾಲ್ಕರಿಂದ ಆರು ವಾರಗಳವರೆಗೆ ತಮ್ಮ ಶಕ್ತಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಲ್ಲರೆಂದು ಪ್ರಯೋಗಗಳು ತೋರಿಸಿವೆ. ಈಜುಕೊಳವಿಲ್ಲದ ಊರಿನಲ್ಲಿ ಇದೆಲ್ಲಿ ಸಾಧ್ಯವೆಂದು ಕೇಳಬಹುದು. ತೋಟದ ಬಾವಿಗಳಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡೋ ಒಣಗಿದ ಸೋರೆಬುರುಡೆ ಕಟ್ಟಿಕೊಂಡೋ ಈಜು ಕಲಿತ ತಲೆಮಾರು ಇನ್ನೂ ಕಣ್ಮರೆಯಾಗಿಲ್ಲ. ಮೆಟ್ಟಿಲಿರುವ ಬಾವಿ, ದಡದಲ್ಲಿ ಈಜು ಬಲ್ಲ ಇನ್ನೊಬ್ಬ, ಗಟ್ಟಿಯಾದ ಬೆಂಡು, ಈ ಮೂರಿದ್ದರೆ ಸಾಕು. ಭದ್ರಾ ನಾಲೆಯಲ್ಲಾಗಲಿ ಹೊನ್ನಾಳಿಯ ಹೊಳೆಯಲ್ಲಾಗಲಿ ಸೂಳೆಕೆರೆಯಲ್ಲಾಗಲಿ ಇದನ್ನು ಮಾಡಕೂಡದು: ನಾಲೆಯ ಸೆಳವು ಕಾಲಿಗಿಂತ ಹೆಚ್ಚಿನದನ್ನು ಕೇಳೀತು.

ಗಾಯದ ಅನಂತರದ ಮ್ಯಾರಥಾನ್ ಎಂದೊಡನೆ ಜಗತ್ತು ನೆನೆಯುವ ಹೆಸರು ಅಮೆರಿಕದ ಜೋನ್ ಬೆನಾಯ್ಟ್ ಅವರದು. 1984ರ ವಸಂತದಲ್ಲಿ ಅಭ್ಯಾಸದ ನಡುವೆ ಆಕೆಯ ಬಲಮೊಣಕಾಲು ಹಿಡಿದುಕೊಂಡಿತು. ಏಪ್ರಿಲ್ 25ರಂದು ಸಣ್ಣ ರಂಧ್ರದ ಮೂಲಕ ಶಸ್ತ್ರಕ್ರಿಯೆಯಾಯಿತು. ಅದಾದ 17 ದಿನಗಳಿಗೆ, ಮೇ 12ರಂದು, ಒಲಿಂಪಿಕ್ ತಂಡದ ಆಯ್ಕೆಯ ಮ್ಯಾರಥಾನನ್ನು ಆಕೆ ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ, ಮಹಿಳೆಯರಿಗಾಗಿ ನಡೆದ ಮೊತ್ತಮೊದಲ ಒಲಿಂಪಿಕ್ ಮ್ಯಾರಥಾನಿನಲ್ಲಿ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಚಿನ್ನದ ಪದಕ ಪಡೆದರು. ಕಾಲು ಊರಲಾಗದ ದಿನಗಳಲ್ಲಿ ಆಕೆ ಕೈಗಳಿಂದ ಸೈಕಲ್ಲಿನ ಪೆಡಲು ತಿರುಗಿಸಿ ಹೃದಯವನ್ನು ದುಡಿಸಿದರಂತೆ. ಕಥೆ ರೋಮಾಂಚಕಾರಿಯಾದುದೇ ಸರಿ; ಆದರೆ ಇದನ್ನು ಕೇಳಿ ತಮ್ಮ ಕಣಕಾಲಿನ ಬಿರುಕಿಗೂ 17 ದಿನಗಳನ್ನೇ ಗೊತ್ತುಮಾಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಆಕೆಯ ಮೊಣಕಾಲಿನಲ್ಲಿ ಸಿಕ್ಕಿಕೊಂಡಿದ್ದುದು ಸಂದಿನೊಳಗಿನ ತೆಳುಪೊರೆಯ ಒಂದು ಮಡಿಕೆ. ಅದನ್ನು ಕತ್ತರಿಸಿ ತೆಗೆದ ಮೇಲೆ ಅಲ್ಲಿ ಮತ್ತೆ ಕಟ್ಟಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಗಾಯವೆಂಬ ಒಂದೇ ಹೆಸರಿನಡಿ ನಾವು ಸೇರಿಸುವ ಪೊರೆ, ಸ್ನಾಯು, ರಜ್ಜು, ಎಲುಬುಗಳಿಗೆ ಒಂದೊಂದಕ್ಕೂ ಅದರದೇ ಆದ ಅವಧಿಯುಂಟು. ಒಬ್ಬರ ದಿನಗಳನ್ನು ಇನ್ನೊಬ್ಬರು ಎರವಲು ಪಡೆಯುವಂತಿಲ್ಲ.

ಇವೆಲ್ಲದರಲ್ಲಿ ನಿಧಾನಿಯಾದುದು ಹಿಮ್ಮಡಿಯನ್ನು ಮೀನಖಂಡಕ್ಕೆ ಬಿಗಿದಿರುವ ಸ್ನಾಯುರಜ್ಜು. 1950 ಮತ್ತು 60ರ ದಶಕಗಳ ಪರಮಾಣು ಅಸ್ತ್ರಗಳ ಪರೀಕ್ಷೆಯಿಂದ ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಒಮ್ಮೆಲೇ ಏರಿ, ಪರೀಕ್ಷೆಗಳು ನಿಂತ ಮೇಲೆ ಮೆಲ್ಲನೆ ಇಳಿಯಿತು. ಆ ಕಾಲದಲ್ಲಿ ಬೆಳೆಯುತ್ತಿದ್ದ ದೇಹಗಳು ಯಾವ ವರ್ಷ ಯಾವ ಅಂಗವನ್ನು ಕಟ್ಟಿಕೊಂಡವೋ ಆ ವರ್ಷದ ಇಂಗಾಲದ ಮುದ್ರೆ ಆ ಅಂಗದಲ್ಲಿ ನಿಂತಿತು. ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಹಿಮ್ಮಡಿಯ ರಜ್ಜುಗಳಲ್ಲಿ ಈ ಮುದ್ರೆಯನ್ನು ಓದಿ ನೋಡಿದಾಗ, ಅದರ ತಿರುಳು ಸುಮಾರು 17ನೆಯ ವಯಸ್ಸಿನೊಳಗೆ ಕಟ್ಟಿ ಮುಗಿದು, ಅನಂತರ ಹೆಚ್ಚುಕಡಮೆ ಬದಲಾಗದೆಯೇ ಉಳಿಯುತ್ತದೆಂದು ಕಂಡಿತು. ಐವತ್ತರ ಓಟಗಾರನು ತನ್ನ ಹದಿಹರೆಯದ ಹಗ್ಗದ ಮೇಲೆಯೇ ಇನ್ನೂ ಓಡುತ್ತಿದ್ದಾನೆ! ಹೀಗಿದ್ದೂ ರಜ್ಜುವನ್ನು ಬಲಪಡಿಸುವುದಕ್ಕೆ ದಾರಿಯಿದೆ. ಸ್ವೀಡನ್ನಿನ ಎಲುಬುವೈದ್ಯ ಹೋಕನ್ ಆಲ್ಫ್ರೆಡ್‌ಸನ್, ತಾವೇ ಈ ನೋವಿನಿಂದ ಬಳಲಿದವರು, ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಕ್ಕಿಳಿಸುವ ವ್ಯಾಯಾಮವನ್ನು, 15 ಇಳಿತಗಳ ಮೂರು ಸರದಿಯಂತೆ ದಿನಕ್ಕೆರಡು ಬಾರಿ, 12 ವಾರಗಳ ಕಾಲ ಮಾಡಿಸಿದರು. 1998ರಲ್ಲಿ ಅವರು ವರದಿ ಮಾಡಿದ 15 ಮಂದಿ ಹವ್ಯಾಸಿ ಓಟಗಾರರೂ ಓಟಕ್ಕೆ ಮರಳಿದರು. ನೋವಾದರೂ ಬಿಡದೆ ಮಾಡಬೇಕೆಂಬುದು ಈ ವಿಧಾನದ ನಿಯಮ. ರಜ್ಜುವಿಗೆ ಕೊಂಚ ನೋವು ಸಲ್ಲುತ್ತದೆ, ಎಲುಬಿಗೆ ಎಳ್ಳಷ್ಟೂ ಸಲ್ಲದು. ಒಂದರ ವಿಧಿಯನ್ನು ಇನ್ನೊಂದಕ್ಕೆ ಹಚ್ಚಿ ಕೆಟ್ಟವರು ಬಹಳ ಮಂದಿ.

ಎಲುಬು ಕೂಡಿದ ಮೇಲೆ ಓಟಕ್ಕೆ ಮರಳುವ ಕ್ರಮಕ್ಕೆ ದಿಕ್ಕು ತೋರಿಸಿದವು ಇಲಿಗಳು. ಅಮೆರಿಕದ ಇಂಡಿಯಾನಾದಲ್ಲಿ ರಾಬ್ಲಿಂಗ್, ಟರ್ನರ್ ಮೊದಲಾದವರು ಇಲಿಯ ಮುಂಗೈ ಎಲುಬನ್ನು ದಿನಕ್ಕೆ 360 ಬಾರಿ ಒತ್ತಿ ನೋಡಿದರು. ಕೆಲವಕ್ಕೆ 360 ಒತ್ತಡಗಳನ್ನೂ ಒಂದೇ ಸಲಕ್ಕೆ, ಕೆಲವಕ್ಕೆ 90ರಂತೆ ನಾಲ್ಕು ಹೊತ್ತಿಗೆ ಹಂಚಿ ಕೊಟ್ಟರು. ಹಂಚಿ ಪಡೆದ ಎಲುಬುಗಳು ಹೆಚ್ಚು ಬಲಿತವು. ಹತ್ತಾರು ಒತ್ತಡಗಳಾದ ಮೇಲೆ ಎಲುಬಿನ ಕೋಶಗಳು ಕಿವಿ ಮುಚ್ಚಿಕೊಂಡು, ಕೆಲವು ಗಂಟೆಗಳ ವಿರಾಮದ ಅನಂತರವೇ ಮತ್ತೆ ತೆರೆಯುತ್ತವೆಂಬುದು ಇದರ ಅರ್ಥ. ಆದುದರಿಂದ, ಅರ್ಧ ಗಂಟೆ ನೋವಿಲ್ಲದೆ ಬಿರುಸಾಗಿ ನಡೆಯಬಲ್ಲವನೂ, ಗಾಯದ ಕಾಲೊಂದರ ಮೇಲೆಯೇ ಹತ್ತಾರು ಸಲ ಕುಪ್ಪಳಿಸಬಲ್ಲವನೂ, ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯುವಂತೆ ದಿನ ಬಿಟ್ಟು ದಿನ ಆರಂಭಿಸಬೇಕು. ಮೊದಲು ಕಾಲಾವಧಿಯನ್ನೂ ಬಹಳ ತಡವಾಗಿ ವೇಗವನ್ನೂ ಏರಿಸಬೇಕು.

ನೆಲದ ಆಯ್ಕೆಯೂ ಮುಖ್ಯ. ಚನ್ನಗಿರಿಯ ಅಡಕೆ ತೋಟಗಳ ನಡುವಿನ ಮಣ್ಣಿನ ದಾರಿ ಮೆದು, ನೆರಳಿನದು. ಹೊನ್ನಾಳಿಯ ನಾಲೆ ಏರಿ ಸಮತಟ್ಟಾದುದು, ಆದರೆ ಮಳೆ ಬಿದ್ದ ಮೇಲೆ ಜಾರುತ್ತದೆ. ಡಾಂಬರು ರಸ್ತೆ ಅಂಚಿಗೆ ಇಳಿಜಾರಾಗಿರುವುದರಿಂದ ಒಂದೇ ಮಗ್ಗುಲಲ್ಲಿ ದಿನವೂ ಓಡಿದವನ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಜಗಳೂರಿನ ಬಯಲಿನಲ್ಲಿ ಮಣ್ಣಿಗಿಂತ ಬಿಸಿಲಿನ ಚಿಂತೆ ಹೆಚ್ಚು. ವಿರಾಮದಲ್ಲಿ ರಕ್ತದ ನೀರನ್ನು ಕಳೆದುಕೊಂಡವನು ಬೆವರಿ ತಣಿಯುವ ಶಕ್ತಿಯನ್ನೂ ಕಳೆದುಕೊಂಡಿರುತ್ತಾನೆ. ಅದು ಮರಳಲು ಹತ್ತು ಹದಿನಾಲ್ಕು ದಿನಗಳ ಹದವಾದ ಬಿಸಿಲು ಬೇಕು. ಆಹಾರದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಳಷ್ಟು ಸುಣ್ಣದ ಸತ್ತ್ವವಿದೆ, ಅಷ್ಟೇ ಹಾಲಿನಲ್ಲಿರುವುದು ಸುಮಾರು 120. ಆದರೆ ಸುಣ್ಣಕ್ಕಿಂತ ಮೊದಲು ಹೊಟ್ಟೆ ತುಂಬಬೇಕು. ತೂಕ ಇಳಿಸುವ ಆತುರದಲ್ಲಿ ಅರೆಹೊಟ್ಟೆಯಲ್ಲಿ ಓಡುವ ಹೆಣ್ಣುಮಕ್ಕಳಿಗೆ ಮುಟ್ಟು ನಿಂತುಹೋಗುವುದುಂಟು. ಅದು ಎಲುಬು ತೆಳುವಾಗುತ್ತಿದೆಯೆಂಬುದರ ಮುನ್ಸೂಚನೆ. ಇದನ್ನು ಓಟದ ಸಹಜ ಪರಿಣಾಮವೆಂದು ತಳ್ಳಿಹಾಕುವ ತರಬೇತುದಾರರು ಇನ್ನೂ ಇರುವುದು ವಿಷಾದಕರ.

ದೀಪಾವಳಿಯ ವೇಳೆಗೆ ಕಣಕಾಲು ಬಿರಿದವನು ಸಂಕ್ರಾಂತಿಯವರೆಗೆ ವಿರಮಿಸಿ, ಯುಗಾದಿಯವರೆಗೆ ನಡಿಗೆ ಓಟಗಳನ್ನು ಬೆರೆಸಿ, ಬೇಸಿಗೆಯನ್ನು ಕಿರಿದಾದ ಓಟಗಳಲ್ಲಿ ಕಳೆದು, ಮಳೆಗಾಲದಲ್ಲಿ ದೂರವನ್ನು ಕಟ್ಟಿಕೊಂಡರೆ, ಮುಂದಿನ ಚಳಿಗಾಲದ ಮ್ಯಾರಥಾನಿಗೆ ಸಿದ್ಧನಾಗಬಹುದು. ಆ ದಿನವೂ ಅಪಾಯವಿರುವುದು ಆರಂಭದಲ್ಲಲ್ಲ. ದಣಿಯದ ಸ್ನಾಯುಗಳು ಆಘಾತದ ಬಹುಭಾಗವನ್ನು ತಾವೇ ನುಂಗಿಕೊಳ್ಳುತ್ತವೆ. 30ನೆಯ ಕಿಲೋಮೀಟರಿನ ಆಚೆ ಅವು ಸೋತು, ಹೆಜ್ಜೆ ಭಾರವಾಗಿ, ಅದೇ ವೇಗಕ್ಕೆ ಎಲುಬು ಹೆಚ್ಚು ಬಾಗುವುದು ಅಳತೆಗಳಿಂದ ತಿಳಿದುಬಂದಿದೆ. ಆಗಾಗ ಒಂದು ನಿಮಿಷ ನಡೆಯುವ ವಿಧಾನವನ್ನು ಮೊದಲ ಗಂಟೆಯಿಂದಲೇ ಹಿಡಿದವನು ಈ ಘಟ್ಟವನ್ನು ಲಘುವಾಗಿ ದಾಟುತ್ತಾನೆ. ಓಟ ಮುಗಿದ ಮರುದಿನ ಕಾಲೆಲ್ಲ ನೋಯುವುದರಿಂದ ಅಂದಿನ ಪರೀಕ್ಷೆಗೆ ಬೆಲೆಯಿಲ್ಲ. ಮೂರನೆಯ ವಾರದಲ್ಲಿ, ಉಳಿದ ನೋವುಗಳೆಲ್ಲ ಮರೆತುಹೋಗಿ ಮತ್ತೆ ಓಡುವ ಹಂಬಲ ಹುಟ್ಟಿದಾಗ, ಹಳೆಯ ಬಿರುಕಿನ ಆ ಒಂದು ಬಿಂದುವಿನ ಮೇಲೆ ಹೆಬ್ಬೆರಳನ್ನು ಒತ್ತಿ ನೋಡತಕ್ಕದ್ದು. ಓಟದ ದಿನ ಮೂಡಿದ ಸೀಳುಗಳನ್ನು ತೋಡುವ ಕೆಲಸವು ಪರಮಾವಧಿಯನ್ನು ಮುಟ್ಟುವುದು ಆ ವೇಳೆಗೇ.